ಗೋಲ್ಡ್ ಫಿಶ್ ತೊಟ್ಟಿಗೆ ಎಂಥ ಫಿಲ್ಟರ್ ಬೇಕು?

ಮನೆಗೆ ಗೋಲ್ಡ್ ಫಿಶ್ ತರುವವರು ಫಿಲ್ಟರ್ ಕೊಳ್ಳುವಾಗ ಸಾಮಾನ್ಯವಾಗಿ ನೋಡುವುದು ಎರಡನ್ನೇ: ಬೆಲೆ, ಮತ್ತು ಗಂಟೆಗೆ ಎಷ್ಟು ಲೀಟರ್ ನೀರು ಹಾಯಿಸುತ್ತದೆ ಎಂದು ಡಬ್ಬಿಯ ಮೇಲೆ ಬರೆದ ಅಂಕಿ. ನೀರು ತಿಳಿಯಾಗಿದ್ದರೆ ಮೀನು ಕ್ಷೇಮ ಎಂಬ ನಂಬಿಕೆ ಇದರ ಹಿಂದಿದೆ. ಆದರೆ ಮೀನನ್ನು ಕೊಲ್ಲುವ ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ. ಫಳಫಳಿಸುವ ನೀರಿನಲ್ಲೂ ಅದು ತುಂಬಿರಬಹುದು. ಗೋಲ್ಡ್ ಫಿಶ್ ಅದನ್ನು ಮುಖ್ಯವಾಗಿ ಕಿವಿರುಗಳ ಮೂಲಕವೇ ಹೊರಬಿಡುತ್ತದೆ. ಮಲ ಮತ್ತು ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ಜಠರವಿಲ್ಲದ ಈ ಮೀನು ಹೊತ್ತುಹೊತ್ತಿಗೂ ಆಹಾರ ಹುಡುಕುತ್ತಲೇ ಇರುತ್ತದೆ, ದೊಡ್ಡದಾಗಿಯೂ ಬೆಳೆಯುತ್ತದೆ; ಹಾಗಾಗಿ ಅದು ಬಿಡುವ ತ್ಯಾಜ್ಯವೂ ಹೆಚ್ಚು. ನೀರು ಬೆಚ್ಚಗಾದಷ್ಟೂ, ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಹೆಚ್ಚುವುದರಿಂದ, ಕ್ಷಾರಗುಣದ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಇನ್ನಷ್ಟು ಎಚ್ಚರ ಬೇಕು.

ಈ ವಿಷವನ್ನು ಪಳಗಿಸುವವು ಬ್ಯಾಕ್ಟೀರಿಯಾಗಳು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ಇನ್ನೊಂದು ಬಗೆಯವು ಅಪಾಯಕಾರಿಯೇ ಆದ ಆ ನೈಟ್ರೈಟನ್ನು ಬಹುಮಟ್ಟಿಗೆ ನಿರುಪದ್ರವಿಯಾದ ನೈಟ್ರೇಟ್ ಮಾಡುತ್ತವೆ. ಇವು ಹೆಚ್ಚಾಗಿ ನೀರಿನಲ್ಲಿ ತೇಲುತ್ತಿರುವುದಿಲ್ಲ, ಒರಟಾದ ಮೇಲ್ಮೈಗೆ ಅಂಟಿಕೊಂಡು ಬದುಕುತ್ತವೆ; ಬದುಕಲು ಆಮ್ಲಜನಕ ಬೇಕು. ಹಾಗಾಗಿ ಫಿಲ್ಟರನ್ನು ಅಳೆಯಬೇಕಾದದ್ದು ಮೋಟಾರಿನ ಜೋರಿನಿಂದಲ್ಲ, ಈ ಜೀವಿಗಳಿಗೆ ಎಷ್ಟು ಜಾಗ ಕೊಡುತ್ತದೆ ಮತ್ತು ಅವನ್ನು ಎಷ್ಟು ದಿನ ಉಳಿಸುತ್ತದೆ ಎಂಬುದರಿಂದ. ಹೀಗೆ ನೋಡಿದರೆ, ಏರ್ ಪಂಪಿನಿಂದ ನಡೆಯುವ ಅಗ್ಗದ ಸ್ಪಂಜ್ ಫಿಲ್ಟರೇ ಹೆಚ್ಚಿನ ಮನೆಗಳಿಗೆ ಸರಿಯಾದ ಆಯ್ಕೆ. ಅದರ ಸಣ್ಣ ರಂಧ್ರಗಳಲ್ಲಿ ಬ್ಯಾಕ್ಟೀರಿಯಾಗಳಿಗೆ ಧಾರಾಳ ನೆಲೆಯಿದೆ, ಗುಳ್ಳೆಗಳಿಂದ ನೀರಿಗೆ ಗಾಳಿಯೂ ಸೇರುತ್ತದೆ. ಒರಾಂಡಾ, ಬಬಲ್ ಐ ಮುಂತಾದ ದುಂಡು ಮೈಯ ತಳಿಗಳು ಈಜಿನಲ್ಲಿ ದುರ್ಬಲ. ಜೋರು ಸೆಳೆತ ಅವನ್ನು ದಣಿಸುತ್ತದೆ; ಸ್ಪಂಜ್ ಫಿಲ್ಟರಿನ ಸೆಳೆತವಾದರೋ ಮೆದು. ಕರೆಂಟ್ ಹೋದಾಗ ಬ್ಯಾಟರಿಯ ಸಣ್ಣ ಏರ್ ಪಂಪಿಗೆ ಇದೇ ಸ್ಪಂಜನ್ನು ಜೋಡಿಸಬಹುದು. ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರಿನಲ್ಲಾದರೆ ಗಂಟೆಗಟ್ಟಲೆ ನೀರು ನಿಂತು, ಆಮ್ಲಜನಕ ತೀರಿ ಬ್ಯಾಕ್ಟೀರಿಯಾ ಸಾಯತೊಡಗುತ್ತವೆ.

ಸ್ಪಂಜು ನೀರಿನ ಸಣ್ಣ ಕಸವನ್ನೆಲ್ಲ ಹಿಡಿಯುವುದಿಲ್ಲ, ತೊಟ್ಟಿಯೊಳಗೆ ಜಾಗ ತಿನ್ನುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. 200 ಲೀಟರಿಗೂ ಮೀರಿದ, ಹೆಚ್ಚು ಮೀನುಗಳ ತೊಟ್ಟಿಗೆ ಕ್ಯಾನಿಸ್ಟರ್ ಒಳ್ಳೆಯದು. ಆಗಲೂ ಜೊತೆಗೊಂದು ಸ್ಪಂಜ್ ಫಿಲ್ಟರ್ ಇರಲಿ. ದುಬಾರಿ ಫಿಲ್ಟರ್ ಇದ್ದರೆ ನೀರು ಬದಲಿಸಬೇಕಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾಗದು. ಯಾವ ಫಿಲ್ಟರ್ ಹಾಕಿದರೂ ಕೊನೆಗೆ ನೈಟ್ರೇಟ್ ಉಳಿಯುತ್ತದೆ. ವಾರಕ್ಕೊಮ್ಮೆ ಕಾಲುಭಾಗದಷ್ಟಾದರೂ ನೀರು ಬದಲಿಸಿಯೇ ಅದನ್ನು ತಗ್ಗಿಸಬೇಕು. ತಿಂಗಳಿಗೊಮ್ಮೆ ಬಿಸಾಡುವ ಇದ್ದಿಲಿನ ಕಾರ್ಟ್ರಿಜ್ ಕೂಡ ಪರಿಹಾರವಲ್ಲ. ಇದ್ದಿಲು ಬಣ್ಣವನ್ನೂ ವಾಸನೆಯನ್ನೂ ಹೀರುತ್ತದೆಯೇ ಹೊರತು ಅಮೋನಿಯಾವನ್ನಲ್ಲ. ಬಿಸಾಡಿದಾಗ ಅದರಲ್ಲಿ ನೆಲೆಸಿದ್ದ ಬ್ಯಾಕ್ಟೀರಿಯಾಗಳೂ ಹೋಗುತ್ತವೆ. ಸ್ಪಂಜನ್ನು ನಲ್ಲಿಯ ಕೆಳಗೆ ಉಜ್ಜಿ ತೊಳೆದರೂ ಇದೇ ಗತಿ, ಏಕೆಂದರೆ ನಗರದ ನಲ್ಲಿ ನೀರಿನ ಕ್ಲೋರಿನ್ ಅವನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಬೇಕು. ಎರಡು ಸ್ಪಂಜುಗಳಿದ್ದರೆ ಒಂದು ಸಲಕ್ಕೆ ಒಂದನ್ನಷ್ಟೇ ತೊಳೆಯುವ ಅನುಕೂಲವಿದೆ.

ಫಿಲ್ಟರನ್ನು ಇಂದು ಹಾಕಿ ನಾಳೆ ಮೀನು ಬಿಡುವುದೇ ದೊಡ್ಡ ತಪ್ಪು. ಬ್ಯಾಕ್ಟೀರಿಯಾ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಕ್ಲೋರಿನ್ ತೆಗೆದ ನೀರು ತುಂಬಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಫಿಲ್ಟರ್ ಓಡಿಸಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಮೊದಲು ಏರಿ, ಆಮೇಲೆ ಎರಡೂ ಸೊನ್ನೆಗಿಳಿದು, ನೈಟ್ರೇಟ್ ಕಾಣಿಸಿಕೊಂಡ ಮೇಲೆಯೇ ಮೀನು ತನ್ನಿ. ಚೆನ್ನಾಗಿ ಸಾಕಿದರೆ ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲ ಜೀವಕ್ಕಾಗಿ ಒಂದೂವರೆ ತಿಂಗಳು ಕಾಯುವುದು ಹೆಚ್ಚಲ್ಲ.