ಕಡಲ ಹೊತ್ತು ನೋಡಿ ಕ್ಯಾಮೆರಾ ಎತ್ತಿ
ಕಡಿಮೆ ಖರ್ಚಿನಲ್ಲಿ ಬೀಚಿನ ಮೇಲೆ ಫ್ಯಾಷನ್ ಫಿಲ್ಮ್ ತೆಗೆಯುವ ವಿದ್ಯಾರ್ಥಿಗಳಿಗೆ

ಫ್ಯಾಷನ್ ಡಿಸೈನ್ ಓದುವ ಹುಡುಗ ಹುಡುಗಿಯರು ಕೊನೆಯ ವರ್ಷದಲ್ಲಿ ತಾವು ಹೊಲಿದ ಉಡುಪುಗಳನ್ನು ಫೋಟೊಗಳಲ್ಲಷ್ಟೇ ಅಲ್ಲ, ಎರಡು ಮೂರು ನಿಮಿಷದ ಚಿತ್ರವಾಗಿಯೂ ತೋರಿಸತೊಡಗಿದ್ದಾರೆ. ಇದರಲ್ಲಿ ಕತೆ ಇರಲೇಬೇಕೆಂದಿಲ್ಲ, ಮಾತೂ ಬೇಕಿಲ್ಲ. ನಡೆದಾಗ, ತಿರುಗಿದಾಗ, ಗಾಳಿ ತುಂಬಿಕೊಂಡಾಗ ಬಟ್ಟೆ ಏನು ಮಾಡುತ್ತದೆ ಎಂಬುದೇ ಇಲ್ಲಿನ ಕತೆ. ಛಾಯಾಗ್ರಾಹಕ ನಿಕ್ ನೈಟ್ 2000ದಲ್ಲಿ ಲಂಡನ್ನಿನಲ್ಲಿ ಶೋಸ್ಟುಡಿಯೊ ಜಾಲತಾಣ ಶುರುಮಾಡಿದ ಮೇಲೆ ಈ ಪ್ರಕಾರಕ್ಕೆ ಒಂದು ನೆಲೆ ಸಿಕ್ಕಿತು. ಈಗ ಜೇಬಿನ ಫೋನೇ 4ಕೆ ವಿಡಿಯೊ ತೆಗೆಯುವುದರಿಂದ ಕ್ಯಾಮೆರಾ ಇಲ್ಲವೆಂಬ ನೆಪವೂ ಉಳಿದಿಲ್ಲ.

ಸ್ಟುಡಿಯೊ ಬಾಡಿಗೆ ಕೊಡಲಾಗದವರಿಗೆ ಮೊದಲು ನೆನಪಾಗುವುದು ಬೀಚು. ಹಿನ್ನೆಲೆ ವಿಶಾಲ, ಬೆಳಕು ಪುಕ್ಕಟೆ, ಫ್ಯಾನ್ ಇಲ್ಲದೆಯೇ ಸೆರಗು ಹಾರುತ್ತದೆ. ಆದರೆ ಬೆಳಕು, ಗಾಳಿ, ನೀರು ಮೂರೂ ಅಲ್ಲಿ ತಮ್ಮ ಹೊತ್ತಿಗೆ ಬಂದು ತಮ್ಮ ಹೊತ್ತಿಗೆ ಹೋಗುತ್ತವೆ. ಆ ಹೊತ್ತುಗಳನ್ನು ಮೊದಲೇ ತಿಳಿದು ದಿನ ಗೊತ್ತುಮಾಡುವುದೇ ಕಡಿಮೆ ಬಜೆಟ್ಟಿನ ನಿಜವಾದ ಬಂಡವಾಳ. ಮಲ್ಪೆ ಅಥವಾ ಕಾಪು ಕಡೆಯ ಒಂದು ಬೀಚು, ನಾಲ್ಕು ಉಡುಪು, ಇಬ್ಬರು ಮಾಡೆಲ್‌ಗಳು, ಏಳೆಂಟು ಮಂದಿಯ ತಂಡ, ಒಂದೇ ದಿನದ ಚಿತ್ರೀಕರಣ ಎಂದಿಟ್ಟುಕೊಂಡು ಕೆಲಸ ಹೇಗೆ ಸಾಗುತ್ತದೆಂದು ನೋಡೋಣ.

ಸೂರ್ಯ ಯಾವ ಕಡೆ?

ನಮ್ಮ ಕರಾವಳಿಯ ಕಡಲು ಪಡುವಣಕ್ಕಿದೆ. ಹಾಗಾಗಿ ಬೆಳಿಗ್ಗೆ ಸೂರ್ಯ ಹುಟ್ಟುವುದು ನೆಲದ ಕಡೆ, ತೆಂಗಿನ ತೋಟಗಳ ಹಿಂದೆ. ಡಿಸೆಂಬರ್, ಜನವರಿಯಲ್ಲಿ ಉಡುಪಿ ಸುತ್ತಮುತ್ತ ಸೂರ್ಯೋದಯ ಸುಮಾರು 6:45ರಿಂದ 7ರ ನಡುವೆ. ಆದರೆ ಬಿಸಿಲು ಮರಗಳ ತಲೆ ದಾಟಿ ಮರಳಿಗೆ ಬೀಳಲು ಇನ್ನೂ ಸ್ವಲ್ಪ ಹೊತ್ತು ಬೇಕು. ನೆರಳಿರುವ ಆ ಅವಧಿ ವ್ಯರ್ಥವಲ್ಲ. ಆಕಾಶದಿಂದ ಮಾತ್ರ ಬರುವ ಮೆತ್ತನೆಯ ಬೆಳಕಿನಲ್ಲಿ ನೇಯ್ಗೆ, ಕಸೂತಿ, ಗುಂಡಿ, ಹೊಲಿಗೆಗಳ ಕ್ಲೋಸಪ್ ಚೆನ್ನಾಗಿ ಬರುತ್ತವೆ.

ಬಿಸಿಲು ಬಿದ್ದ ಮೇಲೆ ಕಡಲನ್ನು ಹಿನ್ನೆಲೆಯಾಗಿಟ್ಟರೆ ಬೆಳಕು ಮಾಡೆಲ್‌ಳ ಮುಖಕ್ಕೆ ನೇರವಾಗಿ ಬೀಳುತ್ತದೆ. ನೀರಿನ ನೀಲಿ, ಬಟ್ಟೆಯ ಬಣ್ಣ ಎರಡೂ ತುಂಬಿಕೊಂಡು ಕಾಣುತ್ತವೆ. ತೊಂದರೆಯೆಂದರೆ ಕಣ್ಣು ಕಿರಿದಾಗುವುದು. ಕಣ್ಣು ಮುಚ್ಚಿಕೊಂಡಿದ್ದು ‘ಆ್ಯಕ್ಷನ್’ ಎಂದಾಗ ತೆರೆಯಲು ಹೇಳಿದರೆ ಮೂರು ನಾಲ್ಕು ಸೆಕೆಂಡಿನ ಶಾಟ್ ಸಿಗುತ್ತದೆ. ಅದಕ್ಕಿಂತ ಒಳ್ಳೆಯದು ಕ್ಯಾಮೆರಾವನ್ನು ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿಸಿ ದಡದ ಉದ್ದಕ್ಕೆ ನೋಡುವುದು. ಆಗ ಬೆಳಕು ಪಕ್ಕದಿಂದ ಬಿದ್ದು ನೆರಿಗೆಗಳಿಗೆ ಆಳ ಬರುತ್ತದೆ, ದಡದ ಗೆರೆ ದೂರಕ್ಕೆ ಓಡುತ್ತದೆ. ನೆರಳಿನ ಬದಿಗೆ ಬಿಳಿ ಥರ್ಮಾಕೋಲ್ ಹಲಗೆಯೊಂದನ್ನು ಹಿಡಿದರೆ ರಿಫ್ಲೆಕ್ಟರ್ ಆಯಿತು.

ಹತ್ತು ಗಂಟೆಯ ನಂತರ ಬಿಸಿಲು ನೆತ್ತಿಗೇರಿ ಕಣ್ಣಿನ ಕೆಳಗೆ ಕಪ್ಪು ನೆರಳು ಕೂರುತ್ತದೆ. ಸಂಜೆ ನಾಲ್ಕರವರೆಗೆ ಊಟ, ವಿಶ್ರಾಂತಿ, ಬೆಳಗಿನ ಫೈಲ್‌ಗಳ ಕಾಪಿ ಇವುಗಳಿಗೆ ಆ ಸಮಯ ಮೀಸಲಿರಲಿ. ನಡುವೆ ತೆಗೆಯಲೇಬೇಕಾದರೆ ತೋಟದ ನೆರಳಿಗೋ ದೋಣಿಯ ಮರೆಗೋ ಹೋಗಿ. ಸಂಜೆ ಸೂರ್ಯ ಕಡಲಿಗೇ ಇಳಿಯುವುದರಿಂದ ಬೆಳಕು ಹಿಂದಿನಿಂದ ಬರುತ್ತದೆ. ಆರ್ಗಾಂಜಾ, ಶಿಫಾನ್‌ನಂಥ ತೆಳು ಬಟ್ಟೆ ಆಗ ಒಳಗಿನಿಂದಲೇ ಹೊತ್ತಿಕೊಂಡಂತೆ ಹೊಳೆಯುತ್ತದೆ. ಅದೇ ಬೆಳಕು ತೊಟ್ಟವಳ ಮೈಯ ಆಕಾರವನ್ನೂ ತೋರಿಸುತ್ತದೆ. ಲೈನಿಂಗ್ ಎಷ್ಟಿರಬೇಕೆಂದು ಮಾಡೆಲ್ ಜೊತೆ ಮೊದಲೇ ಮಾತಾಡಿ, ಮಹಡಿಯ ಮೇಲೆ ಬಿಸಿಲಿಗೆ ಹಿಡಿದು ಪರೀಕ್ಷಿಸಿ.

ಇಳಿತದ ದಿನ ಹುಡುಕಿ

ಬೀಚಿನಲ್ಲಿ ಎಲ್ಲರನ್ನೂ ಕಾಡುವುದು ಹೆಜ್ಜೆಗುರುತು. ಎರಡು ಟೇಕ್ ಆಗುವಷ್ಟರಲ್ಲಿ ಮರಳು ಸಂತೆಬೀದಿಯಾಗಿರುತ್ತದೆ. ಇದಕ್ಕೆ ಮದ್ದು ಕಡಲಿನಲ್ಲೇ ಇದೆ. ಉಬ್ಬರ ಮುಗಿದು ನೀರು ಇಳಿಯುವಾಗ ದಡ ಒರೆಸಿದ ಸ್ಲೇಟಿನಂತೆ ಚೂರುಚೂರೇ ತೆರೆದುಕೊಳ್ಳುತ್ತ ಹೋಗುತ್ತದೆ. ಪ್ರತಿ ಶಾಟ್‌ಗೂ ಎರಡು ಹೆಜ್ಜೆ ಕಡಲ ಕಡೆ ಸರಿದರೆ ಸಾಕು, ಹೊಸ ನೆಲ. ಆ ಒದ್ದೆ ಮರಳು ಗಟ್ಟಿಯಾಗಿರುವುದರಿಂದ ಮಾಡೆಲ್‌ಳ ನಡಿಗೆ ತೊಡರುವುದಿಲ್ಲ, ಕ್ಯಾಮೆರಾ ಅಲುಗದಂತೆ ಕಾಯುವ ಗಿಂಬಲ್ ಹಿಡಿದವನೂ ಸಲೀಸಾಗಿ ಓಡಬಹುದು. ನೀರಿನ ತೆಳು ಪದರದ ಮೇಲೆ ಉಡುಪಿನ ಪ್ರತಿಬಿಂಬವೂ ಬೀಳುತ್ತದೆ.

ಉಬ್ಬರ ದಿನಕ್ಕೆ ಎರಡು ಸಲ, ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಕ್ಕೊಮ್ಮೆ ಬರುತ್ತದೆ. ಹಾಗಾಗಿ ದಿನದಿಂದ ದಿನಕ್ಕೆ ಅದರ ಹೊತ್ತು ಸರಾಸರಿ ಐವತ್ತು ನಿಮಿಷ ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಹನ್ನೊಂದಕ್ಕಿರುವ ಉಬ್ಬರ ವಾರ ಕಳೆಯುವಷ್ಟರಲ್ಲಿ ಸಂಜೆ ಐದರ ಆಸುಪಾಸಿಗೆ, ಅದರ ಜೋಡಿ ಉಬ್ಬರ ನಸುಕಿನ ಐದರ ಆಸುಪಾಸಿಗೆ ಬಂದಿರುತ್ತದೆ. ನಮಗೆ ಬೇಕಾದದ್ದು ಈ ನಸುಕಿನ ಉಬ್ಬರವೇ. ಆಗ ಸೂರ್ಯೋದಯದಿಂದ ಹತ್ತು ಗಂಟೆಯವರೆಗೆ ನೀರು ಇಳಿಯುತ್ತಲೇ ಇರುತ್ತದೆ. ಪ್ರತಿ ಹದಿನೈದು ದಿನದಲ್ಲಿ ಇಂಥ ಎರಡು ಮೂರು ದಿನ ಸಿಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಉಬ್ಬರ ಹೆಚ್ಚು ಎತ್ತರಕ್ಕೆ ಏರಿ ಹೆಚ್ಚು ಕೆಳಕ್ಕೆ ಇಳಿಯುತ್ತದೆ, ಅಷ್ಟಮಿಯ ಹೊತ್ತಿಗೆ ವ್ಯತ್ಯಾಸ ಕಡಿಮೆ. ಹತ್ತಿರದ ಬಂದರಿನ ಉಬ್ಬರವಿಳಿತದ ಪಟ್ಟಿ, ದೊಡ್ಡ ಅಲೆಗಳ ಎಚ್ಚರಿಕೆ ಎರಡನ್ನೂ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, ತನ್ನ ಜಾಲತಾಣದಲ್ಲಿ ಕೊಡುತ್ತದೆ.

ಒಣ ಮರಳಿನ ಮೇಲೆಯೇ ಶಾಟ್ ಬೇಕಿದ್ದರೆ ತಂಡದವರು ಯಾವ ದಾರಿಯಲ್ಲಿ ಓಡಾಡಬೇಕೆಂದು ಮೊದಲೇ ಗೆರೆ ಎಳೆಯಿರಿ. ಕ್ಯಾಮೆರಾದ ಮುಂದೆ ಮಾಡೆಲ್ ಬಿಟ್ಟು ಯಾರೂ ಕಾಲಿಡಬಾರದು. ಆದರೂ ಬಿದ್ದ ಗುರುತುಗಳನ್ನು ಅಳಿಸಲು ಒಂದು ಹಿಡಿಸೂಡಿ ಜೊತೆಗಿರಲಿ.

ಮಳೆಗಾಲದಲ್ಲಿ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟು, ಬೀಚುಗಳಲ್ಲಿ ನೀರಿಗಿಳಿಯಲು ತಡೆ ಇರುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಗಾಳಿಗೆ ಬಟ್ಟೆ ಹೊಂದಿಸುವುದು

ಬೆಳಗಿನ ಜಾವ ನೆಲದಿಂದ ಕಡಲ ಕಡೆಗೆ ಸಣ್ಣ ಗಾಳಿ ಇರುತ್ತದೆ, ಕೆಲವೊಮ್ಮೆ ಏನೂ ಇರುವುದಿಲ್ಲ. ನೆಲ ಕಾದಂತೆ ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಏಳುತ್ತದೆ. ನಮ್ಮ ಕರಾವಳಿಯಲ್ಲಿ ಈ ತಿಂಗಳುಗಳಲ್ಲಿ ಅದು ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಕಟ್ಟುನಿಟ್ಟಾದ ಕಟ್, ಗರಿಗರಿ ಹತ್ತಿ, ಕೈಮಗ್ಗದ ಸೀರೆ ಬೆಳಿಗ್ಗೆಗೆ. ಉದ್ದ ಸೆರಗು, ಕೇಪ್, ಘೇರು ಹೆಚ್ಚಿರುವ ಲಂಗ ಸಂಜೆಗೆ. ಸಂಜೆ ಮಾಡೆಲ್ ಉತ್ತರದ ಕಡೆ ನಡೆದರೆ ಗಾಳಿ ಎದುರಾಗಿ ಕೂದಲೂ ಸೆರಗೂ ಹಿಂದಕ್ಕೆ ಹಾರುತ್ತವೆ. ದಕ್ಷಿಣಕ್ಕೆ ನಡೆದರೆ ಕೂದಲೆಲ್ಲ ಮುಖದ ಮೇಲೆ. ತುಟಿಗೆ ಗ್ಲಾಸ್ ಹಚ್ಚಿದ್ದರೆ ಕೂದಲೂ ಮರಳೂ ಅಲ್ಲೇ ಅಂಟಿಕೊಳ್ಳುತ್ತವೆ, ಬೀಚಿಗೆ ಮ್ಯಾಟ್ ಬಣ್ಣವೇ ವಾಸಿ.

ಲಂಗ ಮೇಲೇಳದಂತೆ ಅಂಚಿನ ಮಡಿಕೆಯೊಳಗೆ ಅಲ್ಲಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಹೊಲಿಯಿರಿ. ಸೇಫ್ಟಿ ಪಿನ್, ಡಬಲ್ ಟೇಪ್, ಸೂಜಿ ದಾರ ಸ್ಟೈಲಿಂಗ್ ನೋಡಿಕೊಳ್ಳುವವರ ಸೊಂಟದ ಚೀಲದಲ್ಲೇ ಇರಬೇಕು. ಶಾಟ್‌ಗಳ ಸರದಿ ಒಣಗಿದ್ದರಿಂದ ಒದ್ದೆಗೆ ಹೋಗಲಿ. ಮೊದಲು ಪೂರ್ತಿ ಒಣ ಉಡುಪು, ಆಮೇಲೆ ಪಾದ ನೆನೆಯುವುದು, ಅಂಚು ನೆನೆಯುವುದು, ಕೊನೆಗೆ ಬೇಕಿದ್ದರೆ ಪೂರ್ತಿ ನೆನೆಯುವುದು. ಜರಿ ಇರುವ ರೇಷ್ಮೆಯನ್ನು ಉಪ್ಪುನೀರಿಗೆ ಇಳಿಸಲೇಬೇಡಿ, ಜರಿ ಕಪ್ಪಿಡುತ್ತದೆ.

ಬೆಳಕಿನ ಲೆಕ್ಕ, ಫ್ರೇಮಿನ ಲೆಕ್ಕ

ಸ್ವಚ್ಛ ಬಿಸಿಲಿಗೆ ಛಾಯಾಗ್ರಾಹಕರ ಹಳೆಯ ಸೂತ್ರವೊಂದಿದೆ. ಅಪರ್ಚರ್ ಎಫ್/16 ಇಟ್ಟರೆ ಶಟರ್ ಐಎಸ್‌ಒ ಸಂಖ್ಯೆಯಷ್ಟು. ಅಂದರೆ ಐಎಸ್‌ಒ 100ಕ್ಕೆ ಸೆಕೆಂಡಿನ 1/100. ಮರಳು, ನೀರುಗಳ ಹೊಳಪಿನಿಂದಾಗಿ ಬೀಚಿನಲ್ಲಿ ಒಂದು ಸ್ಟಾಪ್, ಅಂದರೆ ಎರಡು ಪಟ್ಟು, ಬೆಳಕು ಹೆಚ್ಚು. ಆದರೆ ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಚಲನೆ ಸಹಜವಾಗಿ ಕಾಣಲು ಶಟರ್ 1/50ರಲ್ಲಿರಬೇಕು. ಎಲ್ಲ ಕೂಡಿದರೆ ಅಪರ್ಚರ್ ಎಫ್/32ಕ್ಕೆ ಹೋಗಬೇಕಾಗುತ್ತದೆ. ಹಿನ್ನೆಲೆ ಮಸುಕಾಗಲೆಂದು ಎಫ್/4 ಬೇಕಿದ್ದರೆ ಆರು ಸ್ಟಾಪ್ ಬೆಳಕು ತಡೆಯಬೇಕು. ಅದನ್ನು ಮಾಡುವುದು ಎನ್‌ಡಿ 64 ಫಿಲ್ಟರ್. ಐಎಸ್‌ಒ 800ರಿಂದ ಶುರುವಾಗುವ ಲಾಗ್ ಪ್ರೊಫೈಲ್ (ಎಡಿಟಿಂಗ್‌ನಲ್ಲಿ ಬಣ್ಣ ತಿದ್ದಲೆಂದೇ ಮಂಕಾಗಿ ತೆಗೆಯುವ ವಿಧಾನ) ಬಳಸಿದರೆ ಇನ್ನೂ ಮೂರು ಸ್ಟಾಪ್ ಸೇರುತ್ತದೆ. ಬೆಳಗಿನ ಎಳೆಬಿಸಿಲಿಗೆ ಇಷ್ಟು ಬೇಕಾಗುವುದಿಲ್ಲವಾದ್ದರಿಂದ ತಿರುಗಿಸಿ ಹೆಚ್ಚು ಕಡಿಮೆ ಮಾಡುವ ವೇರಿಯಬಲ್ ಎನ್‌ಡಿ ಅನುಕೂಲ. ಬಾಡಿಗೆ ಹಣ ಒಂದೇ ವಸ್ತುವಿಗೆ ಸಾಲುವಂತಿದ್ದರೆ ಲೆನ್ಸ್ ಬಿಟ್ಟು ಇದನ್ನೇ ತನ್ನಿ. ಫೋನಿಗೂ ಕ್ಲಿಪ್ ಹಾಕುವ ಎನ್‌ಡಿ ಸಿಗುತ್ತದೆ.

ಬಟ್ಟೆಯ ಬೀಳುವಿಕೆ ತೋರಿಸಲು 50 ಫ್ರೇಮ್‌ನಲ್ಲಿ, ಶಟರ್ 1/100 ಇಟ್ಟು ತೆಗೆದು 25ರಲ್ಲಿ ಓಡಿಸಿದರೆ ವೇಗ ಅರ್ಧವಾಗುತ್ತದೆ. ಎಲ್ಲವನ್ನೂ ಸ್ಲೋ ಮೋಷನ್ ಮಾಡಿದರೆ ಸ್ಲೋ ಮೋಷನ್ನಿಗೆ ಬೆಲೆ ಇರುವುದಿಲ್ಲ. ಬಿಳಿ ಉಡುಪು, ಕಪ್ಪು ಮೈಬಣ್ಣ ಒಟ್ಟಿಗಿದ್ದಾಗ ಬಿಳಿಯ ನೇಯ್ಗೆ ಸುಟ್ಟುಹೋಗದ ಹಾಗೆ ಎಕ್ಸ್‌ಪೋಷರ್ ಇಟ್ಟು, ಮುಖಕ್ಕೆ ಥರ್ಮಾಕೋಲ್‌ನಿಂದ ಬೆಳಕು ತುಂಬಿ. ಸುಟ್ಟ ಬಿಳಿ ಎಡಿಟಿಂಗ್‌ನಲ್ಲಿ ಮರಳಿ ಬರುವುದಿಲ್ಲ. ನಡಿಗೆಗೆ ಲಯ ಬೇಕಾದರೆ ಸಣ್ಣ ಬ್ಲೂಟೂತ್ ಸ್ಪೀಕರಿನಲ್ಲಿ ಸಂಗೀತ ಹಾಕಿ. ತುಟಿ ಚಲನೆ ಹೊಂದಬೇಕಾದ 50 ಫ್ರೇಮ್ ಶಾಟ್‌ಗೆ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಬೇಕು. ಅಲೆಯ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ.

ಕ್ಯಾಮೆರಾಗೆ ನಿಜವಾದ ಶತ್ರು ಉಪ್ಪು ಮತ್ತು ಮರಳು. ಬೀಚಿನಲ್ಲಿ ಲೆನ್ಸ್ ಬದಲಿಸಬೇಡಿ. ಗಾಜಿನ ಮೇಲೆ ಕೂತ ಮರಳನ್ನು ಬ್ಲೋವರ್‌ನಿಂದ ಊದಿ ತೆಗೆದ ಮೇಲೆಯೇ ಒರೆಸಿ, ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಟ್ರೈಪಾಡ್ ಕಾಲುಗಳು ಹೂತುಹೋಗದಂತೆ ಅಡಿಗೆ ಪ್ಲಾಸ್ಟಿಕ್ ಡಬ್ಬದ ಮುಚ್ಚಳಗಳನ್ನಿಡಿ. ಎಸಿ ಕೋಣೆಯಿಂದ ತಂದ ಕ್ಯಾಮೆರಾ ಕರಾವಳಿಯ ತೇವಕ್ಕೆ ಬೆವರುತ್ತದೆ. ಬ್ಯಾಗಿನೊಳಗೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ.

ಕೇಳಿಯೇ ಮಾಡಬೇಕಾದವು

ಸ್ಥಳೀಯ ಪಂಚಾಯಿತಿ ಅಥವಾ ಬೀಚಿನ ನಿರ್ವಹಣೆ ನೋಡುವವರಿಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಮನವಿ ಕೊಟ್ಟು, ಅದರ ಪ್ರತಿಯನ್ನು ಠಾಣೆಗೂ ತಲುಪಿಸಿ. ಪಡುಬಿದ್ರಿ, ಕಾಸರಕೋಡಿನಂಥ ಬ್ಲೂ ಫ್ಲ್ಯಾಗ್ ಬೀಚುಗಳಲ್ಲಿ ನಿಯಮ ಬಿಗಿ, ಮೊದಲೇ ವಿಚಾರಿಸಿ. ಕಾರವಾರದ ಕಡೆ ನೌಕಾನೆಲೆಯ ದಿಕ್ಕಿಗೆ ಕ್ಯಾಮೆರಾ ತಿರುಗಿಸುವ ಯೋಚನೆಯೇ ಬೇಡ. 250 ಗ್ರಾಂ ಮೀರದ ಡ್ರೋನ್ ಹಾರಿಸಲು 2021ರ ಡ್ರೋನ್ ನಿಯಮಗಳ ಪ್ರಕಾರ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಆದರೆ ಜಾಗ ಹಸಿರು ವಲಯದಲ್ಲಿದೆಯೇ ಎಂದು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಲೇಬೇಕು.

ದಡಕ್ಕೆ ಯಜಮಾನರಿಲ್ಲ ಎಂದುಕೊಳ್ಳಬೇಡಿ. ಬೆಳಿಗ್ಗೆ ಕೈರಂಪಣಿ ಬಲೆ ಎಳೆಯುವವರಿಗೆ ಅದು ಕೆಲಸದ ಜಾಗ. ‘ಅಣ್ಣ, ನಿಮ್ಮ ಬಲೆ ಎಳೆಯುವುದು ಎಷ್ಟು ಹೊತ್ತಿಗೆ ಮುಗಿಯುತ್ತದೆ? ಆಮೇಲೆ ಈ ಬದಿಯಲ್ಲಿ ಶೂಟಿಂಗ್ ಮಾಡಬಹುದಾ?’ ಎಂದು ಹಿಂದಿನ ದಿನವೇ ಕೇಳಿ. ದೋಣಿ, ಬಲೆಗಳನ್ನು ಬಳಸುವುದಿದ್ದರೆ ಒಪ್ಪಿಗೆ ಪಡೆಯಿರಿ, ಚಪ್ಪಲಿ ಬಿಟ್ಟೇ ದೋಣಿ ಹತ್ತಿ. ನೀರಿನ ಸೆಳೆತ ಎಲ್ಲಿದೆ, ಅಳಿವೆಯ ಹತ್ತಿರ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಅವರಷ್ಟು ಖಚಿತವಾಗಿ ಯಾವ ಆ್ಯಪ್ ಕೂಡ ಹೇಳದು. ಚಳಿಗಾಲದ ತಿಂಗಳುಗಳಲ್ಲಿ ಕಡಲಾಮೆಗಳು ನಮ್ಮ ದಡಗಳಲ್ಲಿ ಮೊಟ್ಟೆಯಿಡುತ್ತವೆ. ಅರಣ್ಯ ಇಲಾಖೆ ಬೇಲಿ ಹಾಕಿದ ಗೂಡುಗಳ ಹತ್ತಿರ ಹೋಗಬೇಡಿ, ರಾತ್ರಿ ದೀಪ ಉರಿಸಬೇಡಿ.

ಮಾಡೆಲ್‌ಗಳಿಂದ ಲಿಖಿತ ಒಪ್ಪಿಗೆ ಇರಲಿ, ಹದಿನೆಂಟು ತುಂಬದಿದ್ದರೆ ಪೋಷಕರ ಸಹಿ ಬೇಕು. ಉಡುಪು ಬದಲಿಸಲು ಹತ್ತಿರದ ಮನೆಯೊಂದನ್ನು ಗೊತ್ತುಮಾಡಿ. ಮಾಡೆಲ್ ನೀರಿನಲ್ಲಿರುವಾಗ ತಂಡದ ಒಬ್ಬರ ಕೆಲಸ ಅಲೆ ನೋಡುತ್ತಿರುವುದಷ್ಟೇ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವರೂ ಏಳಲಾರರು, ಮೊಣಕಾಲಿಗಿಂತ ಆಳ ಬೇಡ. ಕುಡಿಯುವ ನೀರು, ಕೊಡೆ, ಹೊಟ್ಟೆ ತುಂಬ ತಿಂಡಿ ಇವುಗಳ ಖರ್ಚಿನಲ್ಲಿ ಉಳಿಸಲು ಹೋಗಬೇಡಿ. ಸಂಬಳವಿಲ್ಲದೆ ಬಂದ ಗೆಳೆಯರು ಸಂಜೆಯವರೆಗೆ ನಿಲ್ಲುವುದು ಅದರಿಂದಲೇ.

ತೆಗೆದ ಮೇಲೆ

ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ತೆಗೆದ ವಿಡಿಯೊ ಗಂಟೆಗೆ 45 ಜಿಬಿ ನುಂಗುತ್ತದೆ. ಅಂದೇ ಎರಡು ಬೇರೆ ಬೇರೆ ಡಿಸ್ಕುಗಳಿಗೆ ಕಾಪಿ ಮಾಡದೆ ಕಾರ್ಡ್ ಅಳಿಸಬೇಡಿ. ಟ್ರೈಪಾಡನ್ನು ಸಿಹಿನೀರಿನಲ್ಲಿ ತೊಳೆದು, ಕ್ಯಾಮೆರಾದ ಹೊರಮೈಯನ್ನು ಹಿಂಡಿದ ಒದ್ದೆಬಟ್ಟೆಯಿಂದ ಒರೆಸಿ. ಉಡುಪುಗಳ ಉಪ್ಪು ಹೋಗುವಷ್ಟು ಜಾಲಾಡಿ. ಸಂಗೀತವನ್ನು ಬಳಕೆಗೆ ಮುಕ್ತವಾದ ಸಂಗ್ರಹಗಳಿಂದ ಆರಿಸಿ. ಸಿನಿಮಾ ಹಾಡು ಹಾಕಿದರೆ ಜಾಲದಲ್ಲಿ ಚಿತ್ರ ತಡೆಹಿಡಿಯಲ್ಪಡಬಹುದು.

ಎಡಿಟಿಂಗ್‌ನಲ್ಲಿ ಕಡಲು ಮತ್ತೊಮ್ಮೆ ಆಸೆ ಹುಟ್ಟಿಸುತ್ತದೆ. ಸೂರ್ಯಾಸ್ತ ಎಷ್ಟು ಚೆಂದ ಬಂದಿದೆಯೆಂದರೆ ಕತ್ತರಿಸಲು ಮನಸ್ಸಾಗದು. ಮೊದಲ ಕಟ್ ಆದ ಕೂಡಲೇ ಉಡುಪುಗಳನ್ನು ಎಂದೂ ನೋಡಿರದ ಒಬ್ಬರಿಗೆ ಸದ್ದಿಲ್ಲದೆ ತೋರಿಸಿ, ಏನೇನು ನೆನಪಿದೆ ಎಂದು ಕೇಳಿ. ತೋಳಿನ ಕಟ್, ಅಂಚಿನ ಬಣ್ಣ, ನೆರಿಗೆ ಬಿಚ್ಚಿಕೊಂಡ ಬಗೆ ಅವರ ಬಾಯಲ್ಲಿ ಬಂದರೆ ಚಿತ್ರ ಸಿದ್ಧ. ಸೂರ್ಯ, ಅಲೆ ಎಂದಷ್ಟೇ ಹೇಳಿದರೆ ಕತ್ತರಿ ಮತ್ತೆ ಕೈಗೆತ್ತಿಕೊಳ್ಳಿ.