ಚಳ್ಳಕೆರೆ, ಮೊಳಕಾಲ್ಮೂರು: ಗೃಹ ಇಂಧನ ದಕ್ಷತಾ ನಿಯಮಗಳ ವೆಚ್ಚ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಇಂಧನ ದಕ್ಷತಾ ನಿಯಮಗಳಿಂದ ಮನೆ ಮಾಲೀಕರಿಗೆ ತಗಲುವ ಮುಖ್ಯ ವೆಚ್ಚ ಸೋಲಾರ್ ವಾಟರ್ ಹೀಟರಿನದು. ಕೇಂದ್ರದ ‘ಇಕೋ ನಿವಾಸ್ ಸಂಹಿತೆ’ (2018) ಗೋಡೆ, ಕಿಟಕಿ, ಚಾವಣಿಗಳ ಮೂಲಕ ಒಳಬರುವ ಶಾಖಕ್ಕೆ ಮಿತಿ ಸೂಚಿಸುತ್ತದೆಯಾದರೂ ಅದು 500 ಚದರ ಮೀಟರ್ ಹಾಗೂ ಅದಕ್ಕಿಂತ ದೊಡ್ಡ ನಿವೇಶನಗಳನ್ನು ಉದ್ದೇಶಿಸಿದೆ. 30×40 ಅಡಿಯ ನಿವೇಶನ ಸುಮಾರು 111 ಚದರ ಮೀಟರ್ ಮಾತ್ರ. ವಾಟರ್ ಹೀಟರನ್ನು ನಿಗದಿತ ಅಳತೆಯ ಹೊಸ ಮನೆಗಳಿಗೆ ಕರ್ನಾಟಕ ಸರ್ಕಾರ 2007ರಲ್ಲಿ ಕಡ್ಡಾಯಗೊಳಿಸಿತು. ಅಳವಡಿಸಿದವರಿಗೆ ಬೆಸ್ಕಾಂ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂಪಾಯಿ, ಅಂದರೆ ವರ್ಷಕ್ಕೆ ಹೆಚ್ಚೆಂದರೆ 600 ರೂಪಾಯಿ ರಿಯಾಯಿತಿ ಸಿಗುತ್ತಿತ್ತು. 2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆಯಡಿ ಶೂನ್ಯ ಬಿಲ್ ಪಡೆಯುವ ಮನೆಗಳಿಗೆ ಇಂಥ ರಿಯಾಯಿತಿಯಿಂದ ಪ್ರಯೋಜನವಿಲ್ಲ. ಬಾಡಿಗೆ ಮನೆಯಲ್ಲಂತೂ ಖರ್ಚು ಮಾಲೀಕನದು, ಬಿಸಿನೀರು ಬಾಡಿಗೆದಾರನದು. ಕೊಳವೆಬಾವಿಯ ಗಡಸು ನೀರು ಹೀಟರಿನೊಳಗೆ ಸುಣ್ಣ ಕಟ್ಟಿಸುವುದರಿಂದ ಆಗಾಗ್ಗೆ ಶುಚಿಗೊಳಿಸುವ ವೆಚ್ಚವೂ ಸೇರುತ್ತದೆ.