ಮೀನಿನ ಮೈಮೇಲೆ ಬಿಳಿಯ ಚುಕ್ಕೆ

ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯ ಸುತ್ತಿನ ನಾಡು ಮಳೆಯನ್ನು ನೆಚ್ಚಿದ ಬಯಲುಸೀಮೆ. ಇಂತಹ ಸೀಮೆಯಲ್ಲಿ ಕೆರೆ ತುಂಬಿದಾಗ ಕಾಟ್ಲಾ, ರೋಹು ಮೊದಲಾದ ಮೀನುಮರಿಗಳನ್ನು ಅದಕ್ಕೆ ಬಿಡುವುದುಂಟು. ಮನೆಯಲ್ಲಿ, ಶಾಲೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಬಣ್ಣದ ಮೀನು ಸಾಕುವವರೂ ಉಂಟು. ಕೆರೆಯ ಮೀನಿಗೂ ತೊಟ್ಟಿಯ ಮೀನಿಗೂ ಸಮಾನನಾದ ಶತ್ರುವೊಂದರ ವಿಚಾರವನ್ನು ಇಲ್ಲಿ ನೋಡೋಣ.

ಮಾಗಿಯ ಚಳಿಯಲ್ಲಿ ತೊಟ್ಟಿಯ ನೀರು ತಟಕ್ಕನೆ ತಣ್ಣಗಾದರೆ ಮೀನು ಬಳಲುತ್ತದೆ. ಆಗ ಅದು ಕಲ್ಲಿಗೆ ಮೈ ಉಜ್ಜತೊಡಗುತ್ತದೆ. ರೆಕ್ಕೆಗಳನ್ನು ಮುದುಡಿಕೊಂಡು ಆಹಾರವನ್ನು ಬಿಡುತ್ತದೆ. ಕೆಲವು ದಿನಗಳಲ್ಲಿ ರವೆಯ ಕಾಳಿನಂತಹ ಬಿಳಿಯ ಚುಕ್ಕೆಗಳು ಮೈಮೇಲೆ ಮೂಡುತ್ತವೆ. ಇದೇ ಬಿಳಿಚುಕ್ಕೆ ರೋಗ. ಕಿವಿರುಗಳಿಗೂ ಹಬ್ಬಿದರೆ ಮೀನು ಉಸಿರು ಸಾಲದೆ ಸಾಯುತ್ತದೆ.

ಇದಕ್ಕೆ ಕಾರಣ ಇಕ್ತಿಯೊಫ್ತಿರಿಯಸ್ ಮಲ್ಟಿಫಿಲಿಯಿಸ್ ಎಂಬ ಏಕಕೋಶಜೀವಿ. 'ಬಹುಸಂತಾನದ ಮೀನುಹೇನು' ಎಂಬುದು ಈ ಹೆಸರಿನ ಅರ್ಥ. 1876ರಲ್ಲಿ ಫ್ರಾನ್ಸಿನ ಫೂಕೆ ಇದಕ್ಕೆ ಈ ಹೆಸರನ್ನಿತ್ತನು. ಚುಕ್ಕೆಯ ಲೋಳೆಯನ್ನು ನವಿರಾಗಿ ಕೆರೆದು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮೈತುಂಬ ಲೋಮಾಂಗಗಳುಳ್ಳ ಗುಂಡನೆಯ ಜೀವಿ ಮೆಲ್ಲನೆ ಉರುಳುವುದು ಕಾಣುತ್ತದೆ. ಅದರ ಕೋಶಕೇಂದ್ರ ಕುದುರೆಯ ಲಾಳದ ಆಕಾರದ್ದು. ಈ ಗುರುತು ಕಂಡರೆ ಸಂಶಯವಿಲ್ಲ. ಹತ್ತಿಯ ಎಳೆಯಂತಹ ಬೆಳವಣಿಗೆ ಕಂಡರೆ ಅದು ಬೂಷ್ಟು. ಅದರ ಚಿಕಿತ್ಸೆ ಬೇರೆ.

ಈ ಜೀವಿಯನ್ನು ಕೊಲ್ಲುವುದು ಏಕೆ ಕಷ್ಟ? ಚರ್ಮದ ಕೆಳಗೆ ಅಡಗಿ ಬೆಳೆಯುವಾಗ ಔಷಧ ಅದನ್ನು ಮುಟ್ಟಲಾರದು. ಬಲಿತ ಮೇಲೆ ಅದು ಮೀನನ್ನು ಬಿಟ್ಟು ತಳಕ್ಕಿಳಿದು, ತನ್ನ ಸುತ್ತ ಕವಚ ಕಟ್ಟಿಕೊಂಡು, ಒಳಗೇ ಒಡೆದೊಡೆದು ನೂರಾರು ಮರಿಗಳಾಗುತ್ತದೆ. ಆಗಲೂ ಔಷಧಕ್ಕೆ ಸುಲಭವಾಗಿ ಸಿಗದು. ಕವಚ ಹರಿದು ಹೊರಟ ಮರಿಗಳು ಒಂದೆರಡು ದಿನಗಳೊಳಗೆ ಮೀನನ್ನು ಸೇರದಿದ್ದರೆ ಸಾಯುತ್ತವೆ. ಚಿಕಿತ್ಸೆ ಫಲಿಸುವುದು ಮುಖ್ಯವಾಗಿ ಈ ಅವಕಾಶದಲ್ಲಿ.

ಆದುದರಿಂದ ಉಷ್ಣವಲಯದ ಮೀನುಗಳಾದರೆ ನೀರನ್ನು ಒಂದೆರಡು ದಿನಗಳಲ್ಲಿ ಮೆಲ್ಲಮೆಲ್ಲನೆ 30 ಡಿಗ್ರಿ ಸೆಂಟಿಗ್ರೇಡಿಗೆ ಏರಿಸಬೇಕು. ಬಿಸಿಯಲ್ಲಿ ಪರೋಪಜೀವಿಯ ಜೀವನಚಕ್ರ ಬೇಗ ಉರುಳಿ, ಮರಿಗಳು ಬೇಗ ಹೊರಬೀಳುತ್ತವೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಮೆಯಾಗುವುದರಿಂದ ಗಾಳಿಯ ಗುಳ್ಳೆ ಚೆನ್ನಾಗಿ ಹರಿಯಬೇಕು. ಲೀಟರಿಗೆ 2 ಗ್ರಾಂ ಉಪ್ಪನ್ನು ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಬೆರೆಸಬಹುದು. ಆದರೆ ಹುರುಪೆಯಿಲ್ಲದ ಮೀನುಗಳು ಉಪ್ಪನ್ನು ಅಷ್ಟಾಗಿ ಸಹಿಸವು. ತಳದ ಕೊಳೆಯನ್ನು ದಿನವೂ ಹೀರಿ ತೆಗೆದರೆ ಕವಚಗಳೂ ಹೋಗುತ್ತವೆ. ಚುಕ್ಕೆ ಮಾಯವಾದೊಡನೆ ಚಿಕಿತ್ಸೆ ನಿಲ್ಲಿಸುವುದು ದೊಡ್ಡ ತಪ್ಪು. ಮೈಯಿಂದ ಉದುರಿದ ಶತ್ರು ಆಗ ತಳದಲ್ಲಿ ಮರಿಮಾಡುತ್ತಿರುತ್ತದೆ. ಒಟ್ಟು ಎರಡು ವಾರವಾದರೂ ನಡೆಸಬೇಕು. ಅಂಗಡಿಯ ಔಷಧಗಳಲ್ಲಿರುವ ಮ್ಯಾಲಕೈಟ್ ಗ್ರೀನ್ ವಿಷವಸ್ತು. ತಿನ್ನುವ ಮೀನಿಗೆ ಅದನ್ನು ಎಂದಿಗೂ ಬಳಸಕೂಡದು.

ಕೆರೆಗಳಲ್ಲಿ ಆರ್ಗ್ಯುಲಸ್ ಎಂಬ ನಿಜವಾದ ಮೀನುಹೇನೂ ಕಾಡುತ್ತದೆ. ಇದು ಚಪ್ಪಟೆಯಾದ, ಬರಿಗಣ್ಣಿಗೇ ಕಾಣುವ ಕಠಿಣಚರ್ಮಿ. ಗಟ್ಟಿಯಾದ ವಸ್ತುಗಳ ಮೇಲೆ ಮೊಟ್ಟೆಯಿಡುವುದು ಇದರ ಸ್ವಭಾವ. ಆದಕಾರಣ ಬಿದಿರಿನ ಗಳುಗಳನ್ನು ನೀರಿನಲ್ಲಿ ನೆಟ್ಟು, ಮೊಟ್ಟೆಗಳು ಅಂಟಿದ ಮೇಲೆ ಕಿತ್ತು ಬಿಸಿಲಿಗೆ ಒಣಗಿಸುವುದು ಸುಲಭೋಪಾಯ.

ಹೊಸ ಮೀನನ್ನು ತಂದರೆ ಮೂರು ವಾರ ಬೇರೆ ಪಾತ್ರೆಯಲ್ಲಿಟ್ಟು ನೋಡೋಣ. ರೋಗದ ತೊಟ್ಟಿಯ ನೀರನ್ನಾಗಲಿ ಮೀನನ್ನಾಗಲಿ ಕೆರೆಗೆ ಸುರಿಯದಿರೋಣ. ತೊಟ್ಟಿಯಲ್ಲಿ ಸತ್ತುದು ಹತ್ತು ಮೀನಾದರೆ, ಕೆರೆಯಲ್ಲಿ ಹೋಗುವುದು ಒಂದು ವರ್ಷದ ಅನ್ನ.